ಕಲ್ಲಿನೊಳಗೆ ಹೋದ ಕಸುವು

ಇವತ್ತು ಬೆಳಿಗ್ಗೆ ಮಜ್ಜಿಗೆ ಪಾತ್ರೆ ತೊಳೆದ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಹೊಯ್ದೆ. ಎಲ್ಲರೂ ಮಾಡುವ ಕೆಲಸವೇ. ಹುಳಿ ಮಜ್ಜಿಗೆ ಕುಡಿದ ಕರಿಬೇವು ಘಮಘಮ ಎನ್ನುತ್ತದೆ ಎಂದು ಹಾನಗಲ್ಲಿನ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಮೊನ್ನೆಯಷ್ಟೇ ಆ ಕುಂಡಕ್ಕೆ ಹೊಸ ಕೆಮ್ಮಣ್ಣು ತುಂಬಿಸಿದ್ದೆ. ಒಣ ಕೆಮ್ಮಣ್ಣಿಗೆ ಹುಳಿ ಮಜ್ಜಿಗೆ ಬಿದ್ದದ್ದೇ ತಡ, ಒಂದು ವಾಸನೆ ಎದ್ದು ಮೂಗಿಗೆ ಬಡಿಯಿತು. ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟೆ. ಅರವತ್ತು ದಾಟಿದ, ಜೀವನವಿಡೀ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಹೆಂಗಸು ಒಂದು ಕರಿಬೇವಿನ ಗಿಡಕ್ಕೆ ಹೆದರಿ ನಿಂತದ್ದನ್ನು ಯಾರಾದರೂ ನೋಡಿದ್ದರೆ ಸಂಜೆಯವರೆಗೂ ನಗುತ್ತಿದ್ದರು.

ಅದು ಗರಡಿಮನೆಯ ವಾಸನೆ. ನೀವು ಎಂದಾದರೂ ಗರಡಿಯೊಳಗೆ ಕಾಲಿಟ್ಟವರಾಗಿದ್ದರೆ ವಿವರಿಸಬೇಕಾಗಿಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು, ಅದಕ್ಕೆ ಹುಳಿ ಮಜ್ಜಿಗೆ, ಅರಿಶಿನ, ಎಣ್ಣೆ, ನಿಂಬೆರಸ ಹಾಕಿ, ದಿನಾ ಸಲಿಕೆಯಿಂದ ತಿರುವಿ ಹದ ಮಾಡಿದ ಮಣ್ಣು ಅದು. ಅಕ್ಕಿಆಲೂರಿನಲ್ಲಿ ನಮ್ಮ ಮನೆಗೂ ಗರಡಿಗೂ ನಡುವೆ ಒಂದೇ ಗೋಡೆ. ಅಪ್ಪ ಹಗಲು ಭತ್ತದ ಗದ್ದೆಯಲ್ಲಿ ದುಡಿಯುತ್ತಿದ್ದ, ಸಂಜೆಯಾದರೆ ಗರಡಿಯ ವಸ್ತಾದನಾಗುತ್ತಿದ್ದ. ವಸ್ತಾದ ಎಂದರೆ ಪೈಲ್ವಾನರ ಗುರು. ಹೆಣ್ಣುಮಕ್ಕಳು ಗರಡಿಯೊಳಗೆ ಹೋಗುವಂತಿರಲಿಲ್ಲ. ನಾನೂ ಅವ್ವನೂ ಅಲ್ಲಿಯದೆಲ್ಲವನ್ನೂ ನೋಡಿದ್ದು ಅಡುಗೆಮನೆಯ ಕಿಟಕಿಯಿಂದ. ಅವ್ವ ರೊಟ್ಟಿ ಬಡಿಯುತ್ತ ಒಂದು ಕಣ್ಣು ಹಂಚಿನ ಮೇಲೆ, ಒಂದು ಕಣ್ಣು ಕಿಟಕಿಯ ಮೇಲೆ ಇಡುತ್ತಿದ್ದಳು. ಸುಟ್ಟ ರೊಟ್ಟಿ ನನ್ನ ಪಾಲಿಗೆ ಬರುತ್ತಿತ್ತು.

ಇವತ್ತು ನಾಗರಪಂಚಮಿ. ಮಧ್ಯಾಹ್ನದ ಬಸ್ಸಿಗೆ ಅಣ್ಣ ಬರುತ್ತಾನೆ. ಪಂಚಮಿಗೆ ಅಣ್ಣನಾದವನು ತಂಗಿಯ ಮನೆಗೆ ಉಂಡಿ ತೆಗೆದುಕೊಂಡು ಹೋಗಬೇಕು, ಅದು ನಮ್ಮ ಕಡೆಯ ರೂಢಿ. ರೂಢಿ ಇಲ್ಲದಿದ್ದರೆ ನನ್ನ ಅಣ್ಣ ಈರಣ್ಣ ನನ್ನ ಮನೆಯ ಹೊಸ್ತಿಲು ತುಳಿಯುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಬರುತ್ತಾನೆ, ಶೇಂಗಾ ಉಂಡಿ, ಎಳ್ಳುಂಡಿಯ ಡಬ್ಬಿ ಕಟ್ಟೆಯ ಮೇಲೆ ಇಡುತ್ತಾನೆ, ಚಹಾ ಕುಡಿಯುತ್ತಾನೆ, ಮಳೆ ಬೆಳೆ ಮಾತಾಡುತ್ತಾನೆ, ಹೋಗುತ್ತಾನೆ. ಒಂದು ದಿನದ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ. ಆ ದಿನವೂ ಪಂಚಮಿಯೇ ಆಗಿತ್ತು.

ಆ ದಿನಕ್ಕೆ ಬರುವ ಮೊದಲು ಅಪ್ಪನ ಕಸುವಿನ ಶಾಸ್ತ್ರ ನಿಮಗೆ ಗೊತ್ತಾಗಬೇಕು. ಕಸುವು ಎಂದರೆ ಶಕ್ತಿ ಎಂದು ಸುಮ್ಮನೆ ಹೇಳಿಬಿಡಬಹುದು. ಆದರೆ ನಮ್ಮ ಕಡೆ ಮಣ್ಣಿಗೂ ಕಸುವು, ಮೈಗೂ ಕಸುವು, ಗೊಬ್ಬರಕ್ಕೂ ಕಸುವು, ಮಾತಿಗೂ ಕಸುವು. ಅಪ್ಪನಿಗೆ ಅದು ಕಣ್ಣಿಗೆ ಕಾಣದ, ಆದರೆ ತುಂಬಿ ಇಡಬಹುದಾದ ಒಂದು ಪದಾರ್ಥ. “ಕಸುವು ಅನ್ನೂದು ಕೊಡದಾಗಿನ ನೀರು ಇದ್ದಂಗ. ಮಾತಾಡಿದ್ರ ಸೋರತೈತಿ, ಸಿಟ್ಟು ಮಾಡಿದ್ರ ಚೆಲ್ಲತೈತಿ” ಎನ್ನುತ್ತಿದ್ದ. ಅದಕ್ಕೇ ಗರಡಿಯಲ್ಲಿ ಗುಂಡು ಎತ್ತುವಾಗ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಯಾರಾದರೂ ಕೆಮ್ಮಿದರೂ ಎತ್ತುವವನ ಕಸುವು ಒಡೆದುಹೋಗುತ್ತದೆ ಎಂಬ ನಂಬಿಕೆ. ಪಂಚಮಿ ಹತ್ತಿರ ಬಂತೆಂದರೆ ಅಣ್ಣನಿಗೆ ಮೌನವ್ರತ. ಊಟಕ್ಕೆ ಕೂತಾಗ ಚಟ್ನಿ ಬೇಕಾದರೆ ನಾಲಿಗೆ ಹೊರಗೆ ಹಾಕಿ ತೋರಿಸುತ್ತಿದ್ದ, ನಾನು ಬೇಕೆಂದೇ ಮೊಸರು ಬಡಿಸುತ್ತಿದ್ದೆ.

ಇನ್ನು ಗುಂಡು. ಗರಡಿಯ ಮೂಲೆಯಲ್ಲಿ ಕರೀ ಕಲ್ಲಿನ ದುಂಡನೆಯ ಗುಂಡುಗಳು ಸಾಲಾಗಿ ಇದ್ದವು. ಎಲ್ಲಕ್ಕೂ ದೊಡ್ಡದನ್ನು ಅಪ್ಪ ತನ್ನ ಹರೆಯದಲ್ಲಿ ಎತ್ತಿದ್ದ, ಅವನ ನಂತರ ಬಹಳ ವರ್ಷ ಯಾರೂ ಎತ್ತಿರಲಿಲ್ಲ. ಎತ್ತುವುದು ಅರ್ಧ ಕೆಲಸ. ಬೇರೆ ಊರುಗಳಲ್ಲಿ ಗುಂಡನ್ನು ಹೆಗಲಿಗೇರಿಸಿ ಹಿಂದಕ್ಕೆ ಒಗೆದುಬಿಟ್ಟರೆ ಶಹಬ್ಬಾಸ್ ಎನ್ನುತ್ತಾರೆ. ನಮ್ಮ ಗರಡಿಯಲ್ಲಿ ಒಗೆಯುವುದು ನಾಚಿಕೆಗೇಡು. ಎತ್ತಿದವನು ಗುಂಡನ್ನು ಕೆಳಗೆ ಇಳಿಸಬೇಕು, ಇಳಿಸುವ ಜಾಗದಲ್ಲಿ ವಸ್ತಾದ ಮಂಡಿಯೂರಿ ಕೂತು ತನ್ನ ಅಂಗೈಯನ್ನು ಮಣ್ಣಿನ ಮೇಲೆ ಊರಿ ಇಡುತ್ತಾನೆ. ಕಲ್ಲು ಬಂದು ಕೈಯ ಹಿಂಭಾಗಕ್ಕೆ ಹೂವಿನಷ್ಟು ಮೆತ್ತಗೆ ತಾಗಬೇಕು. ತಾಗಿದ ಮೇಲೆಯೇ ವಸ್ತಾದ ಕೈ ಎಳೆದುಕೊಳ್ಳುವುದು. ಸಣ್ಣ ಗುಂಡುಗಳ ಹೊತ್ತಿನಲ್ಲೂ ಅವ್ವ ಅದನ್ನು ನೋಡುತ್ತಿರಲಿಲ್ಲ, ಕಿಟಕಿಗೆ ಬೆನ್ನು ಹಾಕಿ ಹಿಟ್ಟು ನಾದುತ್ತಿದ್ದಳು.

ಈ ಅಂಗೈ ಇಡುವ ಪದ್ಧತಿಯ ಹಿಂದೆ ಅಪ್ಪನ ಒಂದು ವಿಚಾರ ಇತ್ತು. “ಗುಂಡು ಎತ್ತಿದಿ ಅಂದ್ರ ನಿನ್ನ ಕಸುವು ಕಲ್ಲಿನೊಳಗ ಹೋತು. ಎಲ್ಲೂ ಹೋಗೂದಿಲ್ಲ, ಅಲ್ಲೇ ಇರತೈತಿ. ದಬ್ಬನ ಒಗದಿ, ಭೂಮಿ ನುಂಗತು. ಸಾವಕಾಶ ಇಳಿಸಿದಿ, ನಿನ್ನದು ನಿನಗ ತಿರುಗಿ ಬಂತು.” ಹೀಗೆ ಹೇಳುವಾಗ ಅವನ ದನಿಯಲ್ಲಿ ಒಂದಿಷ್ಟೂ ಅನುಮಾನ ಇರುತ್ತಿರಲಿಲ್ಲ.

ಆ ವರ್ಷ ನಾನು ಹಾನಗಲ್ಲಿನ ಕಾಲೇಜಿಗೆ ಹೋಗುತ್ತಿದ್ದೆ. ಅಕ್ಕಿಆಲೂರಿನಿಂದ ಬೆಳಗಿನ ಬಸ್ಸು, ಬಸ್ಸಿನ ತುಂಬ ಅಕ್ಕಿ ಚೀಲ, ಚೀಲಗಳ ಮೇಲೆ ನಾವು. ಭೌತಶಾಸ್ತ್ರದ ಪುಸ್ತಕವನ್ನು ಎದೆಗೊತ್ತಿಕೊಂಡು ಹೋಗುವುದರಲ್ಲಿ ನನಗೊಂದು ಗತ್ತು. ಹೊಸದಾಗಿ ಕನ್ನಡಕ ಹಾಕಿಕೊಂಡವರು ಎಲ್ಲದರಲ್ಲೂ ಧೂಳು ಕಂಡಂತೆ ನನಗೆ ಎಲ್ಲರ ಮಾತಿನಲ್ಲೂ ತಪ್ಪು ಕಾಣುತ್ತಿತ್ತು. ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಬಾಯಿ ತಡೆಯಲಿಲ್ಲ.

“ಅಣ್ಣಾ, ನೀ ಗುಂಡು ಹೆಗಲ ಮ್ಯಾಲ ಇಟಗೊಂಡು ಎಷ್ಟ ಹೊತ್ತು ನಿಂತ್ರೂ ನೀ ಮಾಡಿದ ಕೆಲಸ ಸೊನ್ನಿ. ಪುಸ್ತಕದಾಗ ಐತಿ.”

ಅಣ್ಣನ ಮೌನ ಇನ್ನೂ ಶುರುವಾಗಿರಲಿಲ್ಲ. ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ಸೊನ್ನಿ? ಹಂಗಾರ ಆ ಬೆವರು ಯಾರದು? ನಿಮ್ಮ ಮಾಸ್ತರಂದೇನು?”

ಅಪ್ಪ ನಕ್ಕ. ಅವನಿಗೆ ನನ್ನ ಪುಸ್ತಕದ ಮೇಲೆ ಸಿಟ್ಟಿರಲಿಲ್ಲ, ಕುತೂಹಲ ಇತ್ತು. “ಅದಿರಲಿ ಯವ್ವಾ. ಎತ್ತಿದ ಕಲ್ಲಿನಾಗ ಏನರ ಇರತೈತಿ ಅಂತೈತೋ, ಏನೂ ಇರೂದಿಲ್ಲ ಅಂತೈತೋ ನಿನ್ನ ಪುಸ್ತಕ?”

“ಇರತೈತಿ ಅಂತೈತಿ” ಎಂದು ಒಪ್ಪಲೇಬೇಕಾಯಿತು. ಮೇಲೆತ್ತಿದ ವಸ್ತುವಿನಲ್ಲಿ ಶಕ್ತಿ ಸಂಗ್ರಹವಾಗಿರುತ್ತದೆ ಎಂದು ಮುಂದಿನ ಪಾಠದಲ್ಲೇ ಇತ್ತು. ಅಪ್ಪ ತೊಡೆ ತಟ್ಟಿದ. ನಾನು ಬಿಡಲಿಲ್ಲ. “ಕಲ್ಲಿನಾಗ ಇರತೈತಿ ಅಪ್ಪಾ. ಆದ್ರ ಇಳಿಸಿದ್ರ ಮನಷ್ಯಾಗ ತಿರುಗಿ ಬರೂದಿಲ್ಲ.”

“ಎಲ್ಲಿ ಹೋಗತೈತಿ ಮತ್ತ?”

“ಕಾವಾಗಿ ಹೋಗತೈತಿ.”

“ಯಾವುದರ ಕಾವು?”

“ಮೈಯಾಂದು.”

“ಮೈ ಕಾವು ಮೈಯಾಗ ಇರತೈತಿ. ಬಂತಲ್ಲ ತಿರುಗಿ!” ಎಂದು ಅಪ್ಪ ಎದ್ದು ಕೈ ತೊಳೆಯಲು ಹೋದ. ಅಣ್ಣ ಹೊಟ್ಟೆ ಹಿಡಿದು ನಕ್ಕ. ನನಗೆ ಉತ್ತರ ಹೊಳೆಯಲಿಲ್ಲ. ಅವ್ವ ತಾಟು ಎತ್ತುತ್ತ ಯಾರಿಗೂ ಅಲ್ಲದಂತೆ, “ನನಗರ ಕೊಡ ಎತ್ತೂವಾಗ ಏನೂ ಆಗೂದಿಲ್ಲ. ಇಳಿಸೂವಾಗನ ನಡ ಹಿಡಿಯೂದು” ಎಂದಳು. ಅವ್ವನ ನಡುನೋವಿನ ಮಾತು ನಮ್ಮ ಮನೆಯಲ್ಲಿ ಗಡಿಯಾರದ ಸಪ್ಪಳದ ಹಾಗೆ, ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಮಾತು ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದೇ ವಾರ ಹಂಸಭಾವಿಯಿಂದ ಇನ್ನೊಬ್ಬ ವಸ್ತಾದರು ನಮ್ಮ ಗರಡಿಗೆ ಬಂದರು. ಗುಂಡನ್ನು ಇಳಿಸದೆ ಒಗೆಯುವ ಪೈಕಿಯವರು. ಅಪ್ಪ ತನ್ನ ಶಾಸ್ತ್ರ ಹೇಳಿದಾಗ ಅವರು ಎಲೆಯಡಿಕೆ ಅಗಿಯುತ್ತ, “ವಸ್ತಾದ್ರ, ನಿಮ್ಮ ಕಸುವು ಏನು ಮೇಯಾಕ ಹೋದ ಎಮ್ಮಿ ಏನ್ರಿ, ಸಂಜೀಕ ತಾನ ತಿರುಗಿ ಬರಾಕ?” ಎಂದರು. ಸುತ್ತ ಇದ್ದ ಪೈಲ್ವಾನರು ನಕ್ಕರು. ಅಪ್ಪನ ಶಿಷ್ಯರೂ ನಕ್ಕರು. ಅಪ್ಪ ನಗಲಿಲ್ಲ.

“ಪಂಚಮಿಗೆ ಬರ್ರಿ. ನನ್ನ ಮಗ ದೊಡ್ಡ ಗುಂಡು ಎತ್ತತಾನ. ನನ್ನ ಕೈಗೆ ಮುಟ್ಟಸತಾನ. ನೆಲಕ್ಕ ಇಡದನ ಮತ್ತೊಮ್ಮೆ ಎತ್ತತಾನ. ತಿರುಗಿ ಬರತೈತೋ ಇಲ್ಲೋ ನೀವ ನೋಡ್ರಿ.”

ಕಿಟಕಿಯಲ್ಲಿದ್ದ ನಾನು ಅಣ್ಣನ ಮುಖ ನೋಡಿದೆ. ಅವನು ಆ ಗುಂಡನ್ನು ಒಮ್ಮೆ ಎತ್ತುವುದನ್ನೇ ಆಗಷ್ಟೇ ಕಲಿತಿದ್ದ. ನೆಲಕ್ಕೆ ಇಡದೆ ಎರಡನೆಯ ಸಲ ಎಂಬುದು ಯಾರೂ ಕೇಳಿರದ ಮಾತು. ಅವನು ತಲೆ ತಗ್ಗಿಸಿ “ಹೂಂ” ಎಂದ. ಮರುದಿನ ಅವನ ಮೌನ ಶುರುವಾಯಿತು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಉಸಿರಾಡುವುದೂ ಕಷ್ಟವಾಗಿತ್ತು. ಅವ್ವ ದೃಷ್ಟಿ ತೆಗೆದಳು, ಉಪ್ಪು ಒಲೆಗೆ ಹಾಕಿದಳು. ನಾನು ಹಿತ್ತಲಲ್ಲಿ ಅಣ್ಣನನ್ನು ಹಿಡಿದು ನಿಲ್ಲಿಸಿ, ಪುಸ್ತಕ ತೆರೆದು ತೋರಿಸಿ, “ತಿರುಗಿ ಬರೂದಿಲ್ಲೋ ಅಣ್ಣಾ. ಎರಡನೇ ಸಲಕ್ಕ ನಿನ್ನ ಕಡೆ ಏನೂ ಉಳಿದಿರೂದಿಲ್ಲ. ಅಪ್ಪಗ ಒಲ್ಲೆ ಅನ್ನು” ಎಂದೆ. ಅವನು ಬಾಯಿ ತೆರೆಯುವಂತಿರಲಿಲ್ಲ. ನನ್ನನ್ನೇ ನೋಡಿದ. ನಂಬಿದನೋ, ಸಿಟ್ಟು ಬಂತೋ, ಹೆದರಿದನೋ ತಿಳಿಯಲಿಲ್ಲ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು ಗರಡಿಗೆ ಹೋದ.

ಇಲ್ಲಿ ನಾನು ಸ್ವಲ್ಪ ಬೇರೆ ಕಡೆ ಹೊರಳುತ್ತೇನೆ. ನಿಮಗೆ ಬೇಸರವಾದರೆ ಕ್ಷಮೆಯಿರಲಿ. ಖರೇ ಹೇಳಬೇಕೆಂದರೆ ಆ ಪಂಚಮಿಯ ದಿನಕ್ಕೆ ಹೋಗಲು ನನಗೆ ಇಂದಿಗೂ ಕಾಲು ಬರುವುದಿಲ್ಲ.

ಮುಂದೆ ಮೇಷ್ಟ್ರಗಿರಿ ಸೇರಿ ಹಳೆಯ ಸಂಗತಿಗಳನ್ನು ಓದುವಾಗ ಒಂದು ಕಥೆ ನನ್ನನ್ನು ಬಿಡದೆ ಹಿಡಿಯಿತು. ಕೈಯಿಂದ ಬಿಟ್ಟ ಮೇಲೂ ಕಲ್ಲು ಯಾಕೆ ಮುಂದೆ ಹೋಗುತ್ತದೆ? ಬಹಳ ಹಿಂದೆ ಗ್ರೀಕರ ದೊಡ್ಡ ಪಂಡಿತನೊಬ್ಬ, ನೂಕುವವರು ಇಲ್ಲದೆ ಯಾವುದೂ ಚಲಿಸುವುದಿಲ್ಲ, ಆದ್ದರಿಂದ ಹಿಂದಿನಿಂದ ಗಾಳಿ ಕಲ್ಲನ್ನು ನೂಕುತ್ತದೆ ಎಂದ. ಎದುರು ಗಾಳಿಗೂ ಕಲ್ಲು ಹೋಗುವುದನ್ನು ದನ ಕಾಯುವವರೂ ಕಂಡಿದ್ದಾರೆ. ಆದರೂ ತಲೆಮಾರುಗಟ್ಟಲೆ ಶಿಷ್ಯರು ಗುರುವಿನ ಮಾತು ಸುಳ್ಳಾಗಬಾರದೆಂದು ಎಲ್ಲ ಹೊರೆಯನ್ನೂ ಆ ಬಡ ಗಾಳಿಯ ತಲೆಗೆ ಕಟ್ಟಿದರು. ನಮ್ಮ ತರ್ಕಪಂಡಿತರು ಬೇರೆ ದಾರಿ ಹಿಡಿದರು. ವೇಗವೆನ್ನುವುದು ಒಂದು ಸಂಸ್ಕಾರ, ಮೊದಲ ನೂಕಿನಿಂದ ವಸ್ತುವಿನೊಳಗೇ ಬಂದು ಕೂರುತ್ತದೆ, ಅದು ತೀರಿದಾಗ ಬಾಣ ಬೀಳುತ್ತದೆ ಎಂದರು. ನಮ್ಮ ಅಪ್ಪ ಇದನ್ನೆಲ್ಲ ಓದಿದವನಲ್ಲ, ಆದರೆ ಅವನ ಗುಂಡಿನ ಕಸುವು ಈ ಸಂಸ್ಕಾರದ ದಾಯಾದಿಯೇ. ಅರಬರ ನಾಡಿನಲ್ಲಿ, ಯುರೋಪಿನ ಮಠಗಳಲ್ಲಿ ಇಂಥದೇ ವಿಚಾರ ಹುಟ್ಟಿ ಬೆಳೆಯಿತು. ಕೊನೆಗೆ ಹಾಲೆಂಡಿನವನೊಬ್ಬ ಹಸಿ ಮಣ್ಣಿನ ಮೇಲೆ ಹಿತ್ತಾಳೆಯ ಗುಂಡುಗಳನ್ನು ಬೇರೆ ಬೇರೆ ಎತ್ತರದಿಂದ ಬೀಳಿಸಿ, ಬಿದ್ದ ತಗ್ಗನ್ನು ಅಳೆದ. ಎಷ್ಟು ಎತ್ತರದಿಂದ ಬಿಟ್ಟರೆ ಅಷ್ಟು ದೊಡ್ಡ ತಗ್ಗು. ಎತ್ತುವಾಗ ಕೊಟ್ಟದ್ದು ಎಲ್ಲಿಯೂ ಕಳೆದುಹೋಗುವುದಿಲ್ಲ ಎಂಬ ಇವತ್ತಿನ ವಿಜ್ಞಾನದ ದೊಡ್ಡ ಮಾತಿಗೆ ಆ ಮಣ್ಣಿನ ತಗ್ಗೂ ಒಂದು ಸಾಕ್ಷಿ. ಎನರ್ಜಿ ಎಂಬ ಪದವೂ, ಗಾಳಿಯನ್ನು ನಂಬಿದ ಆ ಗ್ರೀಕ್ ಪಂಡಿತನ ಮನೆಯಿಂದಲೇ ಬಂದದ್ದು. ಹಳಬರು ತಪ್ಪು ಹೇಳಿದರೆಂದು ಅವರ ಮನೆಯ ಪಾತ್ರೆಗಳನ್ನು ಹೊರಗೆ ಬಿಸಾಡಿದವರಿಲ್ಲ. ಅದರಲ್ಲೇ ಹೊಸ ಅಡುಗೆ ಮಾಡಿಕೊಂಡರು.

ಆ ಮಣ್ಣಿನ ತಗ್ಗಿನ ಕಥೆ ಓದಿದ ದಿನ ನನಗೆ ಊಟ ಸೇರಲಿಲ್ಲ. ಯಾಕೆಂದರೆ ಅಂಥ ಒಂದು ತಗ್ಗನ್ನು ನಾನು ಕಣ್ಣಾರೆ ಕಂಡಿದ್ದೆ.

ಆ ಪಂಚಮಿಯ ಮಧ್ಯಾಹ್ನ ಗರಡಿ ಕಿಕ್ಕಿರಿದಿತ್ತು. ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಪೈಲ್ವಾನರು ಬಂದಿದ್ದರು. ಓಣಿಯ ಹುಣಸೆಮರದಲ್ಲಿ ಹೆಣ್ಣುಮಕ್ಕಳು ಜೋಕಾಲಿ ಆಡುವ ಹಾಡು ಕೇಳುತ್ತಿತ್ತು. ಯಾರೋ ಹೋಗಿ ಹಾಡು ನಿಲ್ಲಿಸಿಬಂದರು. ಹಂಸಭಾವಿಯ ವಸ್ತಾದರು ಎದುರಿಗೇ ಕೂತಿದ್ದರು. ಅಪ್ಪ ಹೊಸ ರುಮಾಲನ್ನು ಮಡಚಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದ. ಗೆದ್ದರೆ ಅದನ್ನು ಅಣ್ಣನ ತಲೆಗೆ ಸುತ್ತಿ, ಅವನೇ ಮುಂದಿನ ವಸ್ತಾದ ಎಂದು ಹೇಳುವವನಿದ್ದ.

ಅಣ್ಣ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ಗುಂಡನ್ನು ಮೊಣಕಾಲಿಗೆ ಹೊರಳಿಸಿಕೊಂಡ, ತೊಡೆಗೆ, ಎದೆಗೆ, ಹೆಗಲಿಗೆ. ನಿಂತ. ನೆತ್ತಿಯಿಂದ ಬೆವರು ಗಲ್ಲದ ಮೇಲೆ ಇಳಿದು ಮಣ್ಣಿಗೆ ಬೀಳುವುದು ನನಗೆ ಕಾಣುತ್ತಿತ್ತು. ಅಪ್ಪ ಮಂಡಿಯೂರಿ ಕೂತು ಬಲಗೈಯನ್ನು ಮಣ್ಣಿನ ಮೇಲೆ ಊರಿದ, ಅದೇ ಕೈಯಿಂದ ಅವನು ನಾಟಿ ಹಚ್ಚುವುದು, ಅದೇ ಕೈಯಿಂದ ನಮ್ಮ ತಲೆ ನೇವರಿಸುವುದು. ಅಣ್ಣ ಇಳಿಸತೊಡಗಿದ, ನಿಧಾನಕ್ಕೆ, ಒಂದೊಂದೇ ಬೆರಳಿನಷ್ಟು. ಕಲ್ಲು ಅಪ್ಪನ ಕೈಗೆ ತಾಗಿತು. ಅಪ್ಪ ಕಣ್ಣು ಮುಚ್ಚಿ ತಲೆ ಆಡಿಸಿದ. ಹಂಸಭಾವಿಯವರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು.

ನಂತರ ಅಣ್ಣ ಮತ್ತೆ ಎತ್ತಿದ.

ಮೊಣಕಾಲು ದಾಟಿತು. ತೊಡೆ ದಾಟಿತು. ಸೊಂಟದ ಹತ್ತಿರ ಬಂದು ನಿಂತಿತು. ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಅವನ ಮೊಣಕೈ ನಡುಗತೊಡಗಿತು, ಆಮೇಲೆ ಹೆಗಲು, ಆಮೇಲೆ ಗದ್ದ. ಅಪ್ಪನ ಅಂಗೈ ಕೆಳಗೇ ಇತ್ತು. ತೆಗೆಯಬಹುದಿತ್ತು, ತೆಗೆಯಲಿಲ್ಲ. ಕೆಳಗಿನಿಂದ ಮಗನ ಮುಖವನ್ನೇ ನೋಡುತ್ತ, ಈಗ ಬರತೈತಿ, ಈಗ ಬರತೈತಿ ಎಂದು ಕಾಯುತ್ತಿದ್ದ. ನನ್ನ ಪಕ್ಕದಲ್ಲಿ ಅವ್ವ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಿದ್ದಳು. ಅಷ್ಟು ಜನ ಇದ್ದ ಜಾಗದಲ್ಲಿ ಒಂದು ಸಪ್ಪಳವಿಲ್ಲ. ಗುಂಡು ಒಂದು ಚೂರು ಜಾರಿತು.

“ಅಪ್ಪಾ, ಕೈ ತಗೀ!”

ಒದರಿದವಳು ನಾನು. ಕಿಟಕಿಯ ಸರಳು ಹಿಡಿದು, ಗಂಟಲು ಹರಿಯುವಂತೆ. ಅಪ್ಪ ಬೆಚ್ಚಿ ನನ್ನ ಕಡೆ ನೋಡಿದ, ಕೈ ಮಾತ್ರ ಅಲ್ಲೇ ಇತ್ತು. ಅದೇ ಕ್ಷಣಕ್ಕೆ ಅಣ್ಣ ಮೈಯನ್ನೆಲ್ಲ ತಿರುಚಿ ಗುಂಡನ್ನು ಪಕ್ಕಕ್ಕೆ ಎಳೆದ. ಹಳೆಯ ಅರಿವೆ ಹರಿದಂತೆ ಒಂದು ಸದ್ದು ಅವನ ಹೆಗಲಿನಿಂದ ಬಂತು. ಗುಂಡು ಅಪ್ಪನ ಕಿರುಬೆರಳಿನ ಪಕ್ಕದಲ್ಲಿ ಬಿದ್ದು ಮಣ್ಣಿನೊಳಗೆ ಹೂತುಕೊಂಡಿತು.

ಅಣ್ಣ ಹೆಗಲು ಹಿಡಿದು ನೆಲಕ್ಕೆ ಬಿದ್ದಿದ್ದ. ಅವನು ಮೌನ ಮುರಿದು ಆಡಿದ ಮೊದಲ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ. “ಬಂದಿತ್ತು ಅಪ್ಪಾ. ಕಸುವು ತಿರುಗಿ ಬಂದಿತ್ತು. ಈಕಿ ಒದರಿದ್ಲು.”

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಹಂಸಭಾವಿಯ ವಸ್ತಾದರು ಎದ್ದು ಬಂದು ಅಪ್ಪನ ಭುಜ ಮುಟ್ಟಿ, “ಹೌದ್ರಿ ವಸ್ತಾದ್ರ, ಬಂದಿತ್ತು, ನಾ ನೋಡಿದ್ನಿ. ಸಪ್ಪಳಕ್ಕ ಒಡೀತು” ಎಂದರು. ಅಪ್ಪ ಗುಂಡನ್ನು ಹೊರಳಿಸಿ, ಅದು ಮಾಡಿದ ತಗ್ಗಿನೊಳಗೆ ಅದೇ ಬಲಗೈ ಇಟ್ಟು ನೋಡಿದ. ಮಣಿಕಟ್ಟಿನವರೆಗೂ ಕೈ ಒಳಗೆ ಹೋಯಿತು.

ಅಣ್ಣನನ್ನು ಎಲುಬು ಕಟ್ಟುವವರ ಕಡೆಗೆ ಒಯ್ದರು, ಆಮೇಲೆ ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಎಲುಬು ನೆಟ್ಟಗಿತ್ತು, ಹರಿದದ್ದು ಮಾಂಸ. ಆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಮತ್ತೆ ಏರಲಿಲ್ಲ. ಅವನು ವಸ್ತಾದನಾಗಲಿಲ್ಲ, ಗದ್ದೆ ನೋಡಿಕೊಂಡು ಉಳಿದ. ಅಪ್ಪ ನನಗೆ ಬೈಯಲಿಲ್ಲ, ಹೊಡೆಯಲಿಲ್ಲ. ಅಣ್ಣ ದವಾಖಾನೆಯಿಂದ ಬಂದ ಮರುದಿನ ಇಟ್ಟಂಗಿ, ಮಣ್ಣು ತರಿಸಿ ಆ ಕಿಟಕಿಯನ್ನು ಮುಚ್ಚಿಸಿಬಿಟ್ಟ. ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಅಡುಗೆಮನೆ ಕತ್ತಲಾಗಿತ್ತು. ಅವ್ವ ಅದರ ನಂತರ ಎಷ್ಟೋ ವರ್ಷ ಹಗಲಿನಲ್ಲೂ ದೀಪ ಹಚ್ಚಿಕೊಂಡು ರೊಟ್ಟಿ ಬಡಿದಳು.

ಹೊಡೆತಕ್ಕಿಂತ ಆ ಗೋಡೆ ನನಗೆ ಹೆಚ್ಚು ನೋವು ಕೊಟ್ಟಿತು. ಮದುವೆಯಾಗಿ ಹಾನಗಲ್ಲಿಗೆ ಬಂದೆ, ಮೇಷ್ಟ್ರಾದೆ, ವರ್ಷಾ ವರ್ಷಾ ಮಕ್ಕಳ ಮುಂದೆ “ಭಾರ ಹೊತ್ತು ನಿಂತರೆ ಮಾಡಿದ ಕೆಲಸ ಶೂನ್ಯ” ಎಂದು ಕರಿಹಲಗೆಯ ಮೇಲೆ ಬರೆದೆ. ಸುಮ್ಮನೆ ನಿಂತವನ ಸ್ನಾಯುಗಳೂ ಒಳಗೆ ಬಿಗಿದು ಸಡಿಲವಾಗುತ್ತ ಉರಿಯುತ್ತಲೇ ಇರುತ್ತವೆ, ಮೈಯ ಕಾವು ಮತ್ತೆ ಬಲವಾಗಿ ಬರುವುದಿಲ್ಲ ಎಂಬ ಉತ್ತರ ಅಷ್ಟು ಹೊತ್ತಿಗೆ ನನಗೆ ಸಿಕ್ಕಿತ್ತು. ಸ್ನಾಯುವಿಗೆ ಪೆಟ್ಟು ಬೀಳುವುದು ಎತ್ತುವಾಗಿನದಕ್ಕಿಂತ ಇಳಿಸುವಾಗಲೇ ಹೆಚ್ಚು ಎಂಬುದನ್ನು, ನನ್ನ ಮೊಣಕಾಲು ಹಿಡಿದಾಗ, ವ್ಯಾಯಾಮ ಮಾಡಿಸುವ ಹುಡುಗಿಯೊಬ್ಬಳು ಹೇಳಿದಳು. ಅವ್ವ ಆಗ ಇರಲಿಲ್ಲ. ಅಪ್ಪನೂ ಇರಲಿಲ್ಲ. ಹಾಸಿಗೆ ಹಿಡಿದ ಮೇಲೂ ಅವನು ನೋಡಲು ಬಂದವರಿಗೆಲ್ಲ, “ಕಸುವು ತಿರುಗಿ ಬರತೈತ್ರಿ. ನಮ್ಮ ಈರಣ್ಣಗ ಬಂದಿತ್ತು” ಎಂದು ಹೇಳುತ್ತಿದ್ದ. ಹೇಳುವಾಗ ಅವನ ಮುಖ ಬೆಳಗುತ್ತಿತ್ತು. ನಾನು ಅಲ್ಲಿದ್ದರೆ ಅವನು ಆ ಮಾತಿನ ಮುಂದಿನ ಭಾಗ ಹೇಳುತ್ತಿರಲಿಲ್ಲ, ಅಷ್ಟೇ.

ಇವತ್ತು ಮಧ್ಯಾಹ್ನ ಅಣ್ಣ ಬಂದ. ಕೂದಲು ಪೂರಾ ಬೆಳ್ಳಗಾಗಿವೆ. ಉಂಡಿ ಡಬ್ಬಿ ಕಟ್ಟೆಯ ಮೇಲೆ ಇಟ್ಟು, ಚಪ್ಪಲಿ ಬಿಡುತ್ತಲೇ ಮೂಗೆಳೆದ. ಅಂಗಳದಲ್ಲಿ ಆ ವಾಸನೆ ಇನ್ನೂ ಇತ್ತು. ಕರಿಬೇವಿನ ಕುಂಡದ ಹತ್ತಿರ ಹೋಗಿ ಮಣ್ಣನ್ನು ಬೆರಳಿನಲ್ಲಿ ಉಜ್ಜಿ ನೋಡಿದ.

“ಇದನ್ಯಾಕ ನೆಳ್ಳಾಗ ಇಟ್ಟೀದಿ? ಬಿಸಿಲು ಬೇಕು ಇದಕ್ಕ” ಎಂದ.

“ಯಾರು ಎತ್ತಬೇಕೋ ಅದನ್ನ? ಸಿಮೆಂಟಿನ ಕುಂಡ. ನಾಳೆ ಯಾರಿಗರ ಹೇಳ್ತೇನಿ, ನೀ ಬ್ಯಾಡ” ಎಂದೆ. ಹೇಳುವುದರೊಳಗೆ ಅವನು ಬಗ್ಗಿದ್ದ. ಒಳ್ಳೆಯ ಕೈಯನ್ನು ಅಡಿಗೆ ಕೊಟ್ಟು, ಇನ್ನೊಂದನ್ನು ಆನಿಸಿ, ಕುಂಡವನ್ನು ತೊಡೆಗೆ ಒತ್ತಿಕೊಂಡು ಎದ್ದ. ಬಿಸಿಲಿರುವ ಮೂಲೆಯವರೆಗೆ ಹೋದ. ಅಲ್ಲಿ ಕುಂಡ ಕೂರಿಸಲು ಇಟ್ಟಂಗಿಗಳನ್ನು ಜೋಡಿಸಿದ್ದೆ. ಅವನು ಇಳಿಸತೊಡಗಿದಾಗ ಒಂದು ಇಟ್ಟಂಗಿ ಸೊಟ್ಟಗಿದ್ದದ್ದು ಕಂಡಿತು. ನಾನು ಯೋಚಿಸದೆ ಬಗ್ಗಿ ಅದನ್ನು ಸರಿಮಾಡಲು ಕೈ ಹಾಕಿದೆ.

“ಕೈ ತಗೀ!”

ಅಣ್ಣ ಹಾಗೆ ಒದರಿದ್ದನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ. ಕುಂಡ ಅವನ ಕೈಯಲ್ಲೇ ನಿಂತಿತ್ತು. ಮೊಣಕೈ ನಡುಗುತ್ತಿತ್ತು, ಗದ್ದ ನಡುಗುತ್ತಿತ್ತು. ನಾನು ಕೈ ಎಳೆದುಕೊಂಡೆ. ಅವನು ಕುಂಡವನ್ನು ಇಟ್ಟಂಗಿಗಳ ಮೇಲೆ ಕೂರಿಸಿದ. ಸಪ್ಪಳವೇ ಆಗಲಿಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಟಾವೆಲ್ಲಿನಿಂದ ಮುಖ ಒರೆಸಿಕೊಳ್ಳದೆ ಸುಮ್ಮನೆ ಉಸಿರು ಬಿಡುತ್ತಿದ್ದ. ಆಮೇಲೆ ಕುಂಡದ ಕಡೆ ನೋಡುತ್ತ, “ಆವತ್ತ ನೀನೂ ಹಿಂಗ ಒದರಿದ್ದಿ” ಎಂದ.

ಇಷ್ಟು ವರ್ಷ ತಡೆದುಕೊಂಡದ್ದು ಒಂದೇ ಸಲಕ್ಕೆ ಬಾಯಿಗೆ ಬಂತು. “ಒದರಿದ್ನಿ. ಅದಕ್ಕ ನಿನ್ನ ಕಸುವು ಒಡೀತಲ್ಲ!”

“ಬಂದಿರಲಿಲ್ಲ, ತಂಗೀ.”

“ಏನು?”

“ಕಸುವು. ತಿರುಗಿ ಬಂದಿರಲಿಲ್ಲ. ಅಪ್ಪನ ಕೈಗೆ ಕಲ್ಲು ತಾಗಿದಾಗನ ನನಗ ಗೊತ್ತಾತು, ಒಳಗ ಏನೂ ಉಳಿದಿಲ್ಲ ಅಂತ. ನೀ ಹಿತ್ತಲದಾಗ ಹೇಳಿದ್ದು ಖರೆ ಇತ್ತು.”

“ಮತ್ತ್ಯಾಕ ಎತ್ತಿದಿ?”

“ಅಪ್ಪ ಕೆಳಗ ಕುಂತು ನನ್ನ ಮಾರಿ ನೋಡಾಕತ್ತಿದ್ದ.” ಅವನು ಟಾವೆಲ್ಲನ್ನು ಕೈಯಲ್ಲಿ ಸುತ್ತಿದ, ಬಿಚ್ಚಿದ. “ಅಷ್ಟ ಮಂದಿ ಮುಂದ ಅಂವನ ಮಾತು ಸುಳ್ಳ ಮಾಡಾಕ ನನ್ನ ಕೈಲೆ ಆಗಲಿಲ್ಲ. ಅಂವನ ಕೈ ನೀ ಉಳಿಸಿದಿ. ಮಾತರ ಉಳೀಲಿ ಅಂತ ನಾ ಹಂಗಂದ್ನಿ. ನಿನ್ನ ಮ್ಯಾಲ ಹಾಕಿದ್ರ ನೀ ತಡಕೋತಿ ಅಂತ ಗೊತ್ತಿತ್ತು. ಅಪ್ಪ ತಡಕೋತಿರಲಿಲ್ಲ.”

ಗುರುವಿನ ಮಾತು ಉಳಿಸಲು ಗಾಳಿಯ ತಲೆಗೆ ಹೊರೆ ಕಟ್ಟಿದ ಶಿಷ್ಯರ ಕಥೆಯನ್ನು ನಾನು ಎಷ್ಟು ತರಗತಿಗಳಲ್ಲಿ ನಗುತ್ತ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಆ ಗಾಳಿ ನಾನೇ ಆಗಿದ್ದೆ. ನನಗೆ ಸಿಟ್ಟು ಬಂತು, ಬಹಳ ಸಿಟ್ಟು ಬಂತು. ಕಣ್ಣೀರೂ ಬಂತು.

“ನನ್ನ ಕಿಟಕಿ ಮುಚ್ಚಿದ್ರಲ್ಲೋ ಅಣ್ಣಾ” ಎಂದೆ. ಹೇಳಬೇಕಾದ ನೂರು ಮಾತಿದ್ದವು, ಅದೊಂದೇ ಬಂತು.

“ಹೌದು. ಇಟ್ಟಂಗಿ ನಾನ ಕೊಟ್ಟೇನಿ. ಒಂದ ಕೈಲೆ.”

ಅವನ ಕಣ್ಣುಗಳೂ ತುಂಬಿದ್ದವು. ಇಬ್ಬರೂ ಕರಿಬೇವಿನ ಗಿಡವನ್ನೇ ನೋಡುತ್ತ ಕೂತೆವು. ಚಹಾ ಒಲೆಯ ಮೇಲೆ ಉಕ್ಕಿ ಹೋದ ವಾಸನೆ ಬಂದರೂ ನಾನು ಏಳಲಿಲ್ಲ. ಅಪ್ಪ ಹಾಸಿಗೆಯಲ್ಲಿ ಮಲಗಿ “ನಮ್ಮ ಈರಣ್ಣಗ ಬಂದಿತ್ತು” ಎಂದಾಗಲೆಲ್ಲ ಬೆಳಗಿದ ಆ ಮುಖ ನೆನಪಾಯಿತು. ಅದನ್ನು ನೆನೆದು ಸಿಟ್ಟನ್ನು ಹಿಡಿದಿಟ್ಟುಕೊಳ್ಳಲು ನೋಡಿದೆ, ಆಗಲಿಲ್ಲ.

ಕೊನೆಗೆ ಅಣ್ಣನೇ ಮೂಗು ಸೆಳೆದುಕೊಂಡು, ಹಳೆಯ ತುಂಟ ದನಿಯಲ್ಲಿ, ಶಾಲೆಯ ಮಕ್ಕಳು ನನ್ನನ್ನು ಕರೆಯುತ್ತಿದ್ದ ಹಾಗೆ, “ಅಕ್ಕೋರ, ಲೆಕ್ಕ ಹೇಳ್ರಿ. ಕುಂಡ ಅಲ್ಲಿಂದ ಎತ್ತಿದ್ನಿ, ಇಲ್ಲಿ ಇಳಿಸಿದ್ನಿ. ಎಷ್ಟಾತು ಕೆಲಸ?” ಎಂದ.

“ಸೊನ್ನಿ” ಎಂದೆ.

“ಹಂಗಾರ ಈ ಬೆವರು ಯಾರದು?”

ನಾನು ಸೆರಗಿನಿಂದ ಅವನ ಹಣೆ ಒರೆಸಿದೆ. “ಅಪ್ಪಂದು” ಎಂದೆ.